ಮನೆಗೊಂದು ಮರ ಕೊಯ್ಯುವ ಯಂತ್ರ: ಯಾರಿಗೆ ಯಾವುದು ಹೊಂದುತ್ತದೆ?

ಭಾವ ಕಳೆದ ತಿಂಗಳು ಫೋನ್ ಮಾಡಿ, "ಮರ ಕೊಯ್ಯುವ ಮಷಿನ್ ಒಂದು ಬೇಕಾಗಿದೆ, ಯಾವುದು ತೆಗೆದುಕೊಳ್ಳಲಿ?" ಎಂದು ಕೇಳಿದರು. ಸಾಗರದ ಕಡೆ ಅವರಿಗೆ ಎರಡೆಕರೆ ಅಡಿಕೆ ತೋಟವಿದೆ, ಅದರ ಮೇಲ್ಗಡೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಬಚ್ಚಲ ಒಲೆ ದಿನವೂ ಉರಿಯಬೇಕು, ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಹಂಡೆಯ ಒಲೆಗೂ ಕಟ್ಟಿಗೆ ಬೇಕು. ಕೊಡಲಿ ಹಿಡಿಯುವ ಆಳು ಸಿಗುವುದೇ ಕಷ್ಟ. ಸಿಕ್ಕರೂ, ಮಳೆಗೆ ದಾರಿಯ ಮೇಲೆ ಮರ ಬಿದ್ದ ದಿನ ಸಿಗುವುದಿಲ್ಲ. ಭಾವನಿಗೆ ಅರವತ್ತು ದಾಟಿದೆ, ಎಡಭುಜದ ನೋವು ಬೇರೆ.

ಉತ್ತರ ಹೇಳುವ ಮೊದಲು ನಾನು ಮೂರು ಪ್ರಶ್ನೆ ಕೇಳಿದೆ. ಕೊಯ್ಯುವುದು ಯಾವ ಮರ, ಎಷ್ಟು ದಪ್ಪ? ವರ್ಷಕ್ಕೆ ಎಷ್ಟು ದಿನದ ಕೆಲಸ? ಕೆಟ್ಟರೆ ಯಾರ ಹತ್ತಿರ ಒಯ್ಯುತ್ತೀರಿ? ಮೊದಲ ಎರಡಕ್ಕೆ ಅವರಲ್ಲಿ ಉತ್ತರ ಸಿದ್ಧವಾಗಿತ್ತು, ಮೂರನೆಯದಕ್ಕೆ ಇರಲಿಲ್ಲ. ಹತ್ತಾರು ವರ್ಷ ಈ ಯಂತ್ರ ಹಿಡಿದವನಾಗಿ ನಾನು ಖಚಿತವಾಗಿ ಹೇಳಬಲ್ಲ ಮಾತು ಇದೊಂದೇ: ಮೂರನೆಯ ಪ್ರಶ್ನೆಗೆ ಉತ್ತರ ಸಿಗುವ ತನಕ ಚೈನ್‌ಸಾ, ಅಂದರೆ ಈ ಮರ ಕೊಯ್ಯುವ ಮಷಿನ್, ಕೊಳ್ಳಬೇಡಿ. ಕಂಪನಿ, ಸಿ.ಸಿ., ರಿಯಾಯಿತಿ ಎಲ್ಲವೂ ಆಮೇಲೆ.

ವರ್ಷಕ್ಕೆ ಎರಡೇ ದಿನದ ಕೆಲಸವಿದ್ದರೆ ಕೊಳ್ಳುವ ಯೋಚನೆಯನ್ನೇ ಬಿಡಿ. ಊರಿನಲ್ಲಿ ಮಷಿನ್ ಇಟ್ಟುಕೊಂಡು ಕೂಲಿಗೆ ಬರುವವರು ಇದ್ದೇ ಇರುತ್ತಾರೆ, ಅವರನ್ನು ಕರೆಸಿ. ಪೆಟ್ರೋಲ್ ಯಂತ್ರವೊಂದು ಹತ್ತು ತಿಂಗಳು ಅಟ್ಟದ ಮೇಲೆ ಕುಳಿತರೆ ಬಳಸಿದ್ದಕ್ಕಿಂತ ಬೇಗ ಕೆಡುತ್ತದೆ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮನೆಯವರ ಮಷಿನ್ ಇರುವುದು ನೆಲಕ್ಕೆ ಬಿದ್ದ ಮರವನ್ನು ತುಂಡು ಮಾಡಲು, ಕೈಗೆಟಕುವ ಕೊಂಬೆ ಸವರಲು. ನಿಂತ ದೊಡ್ಡ ಮರ ಕೆಡವುವುದು ಬೇರೆಯೇ ವಿದ್ಯೆ, ಅದಕ್ಕೆ ಅನುಭವಸ್ಥರು ಬೇಕು. ಈ ಬರಹ ಮೊದಲನೆಯ ಕೆಲಸಕ್ಕೆ ಮಾತ್ರ.

ದೊಡ್ಡ ಸಿ.ಸಿ., ಸಣ್ಣ ಬೆಲೆ

ನನ್ನ ಮೊದಲ ಯಂತ್ರವನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಮೈಮೇಲೆ 58 ಸಿ.ಸಿ. ಎಂಬ ದಪ್ಪಕ್ಷರದ ಸ್ಟಿಕ್ಕರ್, 22 ಇಂಚಿನ ಬಾರ್ (ಚೈನ್ ಸುತ್ತ ಓಡುವ ಉದ್ದನೆಯ ಲೋಹದ ಪಟ್ಟಿ), ಬೆಲೆ ಏಳು ಸಾವಿರದ ಒಳಗೆ. ಇಂದಿಗೂ ಈ ವರ್ಗದ ಯಂತ್ರಗಳು ಐದರಿಂದ ಒಂಬತ್ತು ಸಾವಿರದ ನಡುವೆ ಬೇರೆ ಬೇರೆ ಹೆಸರು, ಬಣ್ಣಗಳಲ್ಲಿ ಬರುತ್ತವೆ. ಬಹುತೇಕ ಎಲ್ಲದರ ಒಳಗೂ ಒಂದೇ ಮಾದರಿಯ ಎಂಜಿನ್. ಸ್ಟಿಕ್ಕರಿನ ಸಿ.ಸಿ. ಮತ್ತು ಸಿಲಿಂಡರಿನ ನಿಜವಾದ ಅಳತೆ ತಾಳೆಯಾಗಲೇಬೇಕೆಂದೇನೂ ಇಲ್ಲ.

ಮೊದಲ ವರ್ಷ ಅದು ಚೆನ್ನಾಗಿಯೇ ಕೊಯ್ದಿತು ಎಂಬುದನ್ನು ಮುಚ್ಚಿಡುವುದಿಲ್ಲ. ಎರಡನೆಯ ಮಳೆಗಾಲದ ಒಂದು ಸಂಜೆ ಅಕೇಶಿಯಾ ಮರವೊಂದು ದಾರಿಗೆ ಅಡ್ಡ ಬಿತ್ತು. ಆಚೆ ಬದಿಯಲ್ಲಿ ಹಾಲಿನ ಗಾಡಿ ನಿಂತಿತ್ತು. ಹಗ್ಗ ಎಳೆದೆ, ಎಂಜಿನ್ ಹಿಡಿಯಿತು, ಆ್ಯಕ್ಸಿಲರೇಟರ್ ಒತ್ತಿದರೆ ಉಸಿರು ಕಟ್ಟಿದಂತೆ ನಿಂತಿತು. ಮತ್ತೆ ಎಳೆದೆ, ಮತ್ತೆ ನಿಂತಿತು. ಕತ್ತಲಾಗುವ ಹೊತ್ತಿಗೆ ನಾಲ್ಕು ಜನ ಸೇರಿ ಕೊಡಲಿಯಲ್ಲೇ ದಾರಿ ಬಿಡಿಸಿದೆವು. ಪೇಟೆಯ ಮೆಕ್ಯಾನಿಕ್ ಬಿಚ್ಚಿ ನೋಡಿ ಕಾರ್ಬೊರೇಟರಿನೊಳಗಿನ ಡಯಾಫ್ರಮ್ ತೆಗೆದು ತೋರಿಸಿದರು. ಬಟ್ಟೆಯ ಹಾಗೆ ಮೆತ್ತಗೆ ಬಾಗಬೇಕಾದ ಆ ತೆಳು ಹಾಳೆ ಒಣಗಿದ ಅಡಿಕೆ ಹಾಳೆಯಂತೆ ಸೆಟೆದುಕೊಂಡಿತ್ತು. ಅದನ್ನು ಬದಲಾಯಿಸಬಹುದಿತ್ತು. ಆದರೆ ಚೈನಿಗೆ ಎಣ್ಣೆ ಉಣಿಸುವ ಪಂಪ್ ಕೂಡ ಹೋಗಿತ್ತು. ಅದನ್ನು ತಿರುಗಿಸುವ ಪ್ಲಾಸ್ಟಿಕ್ ಹಲ್ಲುಗಾಲಿ ಸವೆದು ನುಣ್ಣಗಾಗಿತ್ತು. ಎಣ್ಣೆಯಿಲ್ಲದೆ ಓಡಿದ ಬಾರಿನ ಅಂಚು ಸುಟ್ಟು ನೀಲಿಯಾಗಿತ್ತು. ಹೊಸ ಪಂಪನ್ನು ಎರಡು ಬಾರಿ ತರಿಸಿದೆ. ನೋಡಲು ಎರಡೂ ಅದೇ, ತಿರುಪು ಕೂರುವ ತೂತು ಮಾತ್ರ ಒಂದು ನೂಲಿನಷ್ಟು ಆಚೀಚೆ. ಒಂದೇ ಹೆಸರಿನ ಯಂತ್ರದೊಳಗೆ ಒಂದು ವರ್ಷದ ಭಾಗ ಮರುವರ್ಷ ಬದಲಾಗಿರುತ್ತದೆ ಎಂಬುದು ಆಗ ಗೊತ್ತಾಯಿತು.

ಹಾಗೆಂದು ಈ ಯಂತ್ರಗಳು ಯಾರಿಗೂ ಬೇಡ ಎನ್ನಲಾರೆ. ಪಂಪ್‌ಸೆಟ್, ಬೈಕ್ ಎಲ್ಲವನ್ನೂ ಸ್ವತಃ ಬಿಚ್ಚಿ ಜೋಡಿಸುವ ಕೈ ನಿಮ್ಮದಾಗಿದ್ದರೆ ಇವು ಲಾಭವೇ. ಕೆಲವೇ ನೂರು ರೂಪಾಯಿಗೆ ಇಡೀ ಕಾರ್ಬೊರೇಟರ್ ಹೊಸತು ಸಿಗುತ್ತದೆ, ಚೈನ್ ಕೂಡ ಅಗ್ಗ. ಆದರೆ ಕೊಳ್ಳುವ ದಿನವೇ ಹೆಚ್ಚುವರಿ ಕಾರ್ಬೊರೇಟರ್, ಆಯಿಲ್ ಪಂಪ್, ಸ್ಟಾರ್ಟರ್ ಮೂರನ್ನೂ ಅದೇ ಅಂಗಡಿಯಿಂದ ತರಿಸಿ, ಕೂರುತ್ತದೆಯೇ ಎಂದು ಒಮ್ಮೆ ಜೋಡಿಸಿ ನೋಡಿ ಇಟ್ಟುಕೊಳ್ಳಬೇಕು. ಯಂತ್ರ ಬಿಚ್ಚುವ ಹವ್ಯಾಸ ಇಲ್ಲದವರಿಗೆ ಈ ಅಗ್ಗ ಬಲು ದುಬಾರಿ.

ತೂಕವನ್ನೂ ಮರೆಯಬಾರದು. ಈ ವರ್ಗದ ಯಂತ್ರದ ಬರೀ ಒಡಲೇ ಐದು ಕಿಲೋ ದಾಟುತ್ತದೆ. ಉದ್ದ ಬಾರ್, ಚೈನ್, ಪೆಟ್ರೋಲ್, ಎಣ್ಣೆ ಸೇರಿದರೆ ಏಳರ ಆಸುಪಾಸಿಗೆ ಬರುತ್ತದೆ. ಆ ಭಾರ ಮೂತಿಯ ಕಡೆಗೆ ಜಗ್ಗುತ್ತದೆ. ಭಾವನ ಭುಜ ಅದನ್ನು ಅರ್ಧ ಗಂಟೆಯೂ ತಾಳಲಾರದು. ದಣಿದ ಕೈಯಲ್ಲಿ ಚೈನ್‌ಸಾ ಇರಬಾರದು.

ವಿದ್ಯುತ್ತಿನದು

ಮೈಸೂರು, ಬೆಂಗಳೂರಿನಂತಹ ಊರಿನಲ್ಲಿ ಕಾಂಪೌಂಡಿನೊಳಗೆ ನುಗ್ಗೆ, ಬೇವು, ತೆಂಗು, ಮಾವು ಇರುವವರು ಬೇರೆ ಯೋಚನೆ ಮಾಡುವುದೇ ಬೇಡ, ವೈರಿನ ವಿದ್ಯುತ್ ಚೈನ್‌ಸಾ ಸಾಕು. ಗುಂಡಿ ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹೊಗೆಯಿಲ್ಲ, ಪೆಟ್ರೋಲಿಗೆ ಎಣ್ಣೆ ಬೆರೆಸುವ ಗೋಜಿಲ್ಲ, ಕಾರ್ಬೊರೇಟರೇ ಇಲ್ಲದಿರುವುದರಿಂದ ಆರು ತಿಂಗಳು ಮೂಲೆಯಲ್ಲಿದ್ದರೂ ಕೆಡುವುದಿಲ್ಲ. 1800ರಿಂದ 2000 ವ್ಯಾಟಿನ, 14 ಅಥವಾ 16 ಇಂಚಿನ ಬಾರ್ ಇರುವ ಯಂತ್ರ ಮನೆಯ ಎಲ್ಲ ಕೆಲಸಕ್ಕೂ ಆಯಿತು.

ಎಡವುವುದು ಹೆಚ್ಚಾಗಿ ವೈರಿನಲ್ಲಿ. 2000 ವ್ಯಾಟ್ ಎಂದರೆ 230 ವೋಲ್ಟಿಗೆ ಸುಮಾರು 9 ಆಂಪಿಯರ್. ಫ್ಯಾನು, ದೀಪದ 6 ಆಂಪಿಯರ್ ಸಾಕೆಟ್ ಇದಕ್ಕೆ ಆಗದು, ಗೀಸರಿಗೆ ಇರುವ 16 ಆಂಪಿಯರ್ ಸಾಕೆಟ್ ಬೇಕು. ಮದುವೆ ಮನೆಯ ಸೀರಿಯಲ್ ಸೆಟ್ಟಿಗೆ ಬಳಸುವ ತೆಳು ವೈರನ್ನು ಮೂವತ್ತು ಮೀಟರ್ ಎಳೆದು ಈ ಯಂತ್ರ ಓಡಿಸಿದರೆ ಯಂತ್ರದಲ್ಲಿ ಬಲ ಕಾಣಿಸುವುದಿಲ್ಲ, ವೈರು ಮಾತ್ರ ಬಿಸಿಯಾಗುತ್ತದೆ. ಅಷ್ಟು ದೂರಕ್ಕೆ 2.5 ಚದರ ಮಿಲಿಮೀಟರಿನ ಮೂರು ಎಳೆಯ ವೈರ್ ಹಾಕಿಸಿ, ಸುರುಳಿಯನ್ನು ಪೂರ್ತಿ ಬಿಚ್ಚಿ ಬಳಸಿ. ಮೀಟರ್ ಬೋರ್ಡಿನಲ್ಲಿ ಶಾಕ್ ತಡೆಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಮಳೆ ಹನಿಯುತ್ತಿದ್ದರೆ ಆ ದಿನ ಕೆಲಸ ಬಿಡಿ.

ಮಲೆನಾಡಿನಲ್ಲಿ ಮರ ಬೀಳುವುದು ಮತ್ತು ಕರೆಂಟ್ ಹೋಗುವುದು ಒಂದೇ ಗಾಳಿಗೆ. ಹಾಗಾಗಿ ಇಲ್ಲಿ ವಿದ್ಯುತ್ ಯಂತ್ರವನ್ನೇ ನಂಬಿ ಕೂರುವಂತಿಲ್ಲ. ಆದರೆ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಕಟ್ಟಿಗೆಯ ಕೆಲಸದಲ್ಲಿ ಹೆಚ್ಚಿನ ಪಾಲು ನಡೆಯುವುದು ಕಾಡಿನಲ್ಲಲ್ಲ, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ. ಗಾಡಿಯಲ್ಲಿ ತಂದು ಹಾಕಿದ ಉದ್ದ ಕುಂಟೆಗಳನ್ನು ಒಲೆಯ ಅಳತೆಗೆ ತುಂಡರಿಸುವುದು ವಾರಗಟ್ಟಲೆಯ ಕೆಲಸ. ಸಾಕೆಟ್ಟಿನಿಂದ ಇಪ್ಪತ್ತು ಅಡಿಯೊಳಗೆ, ಸೂರಿನ ಕೆಳಗೆ ಕುಳಿತು ಮಾಡುವ ಆ ಕೆಲಸಕ್ಕೆ ವಿದ್ಯುತ್ ಯಂತ್ರದಷ್ಟು ಸುಖ ಬೇರೆ ಯಾವುದರಲ್ಲೂ ಇಲ್ಲ. ನನ್ನ ಮನೆಯಲ್ಲಿ ಈಗ ಎರಡೂ ಇವೆ, ಹೆಚ್ಚು ಮರ ತಿಂದಿರುವುದು ವಿದ್ಯುತ್ತಿನದೇ.

ಬ್ಯಾಟರಿಯದು

ಬ್ಯಾಟರಿ ಚೈನ್‌ಸಾಗಳಲ್ಲಿ ಎರಡು ಜಾತಿ. ಅಂಗೈಯಗಲದ ಬಾರ್ ಇರುವ, ಒಂದೇ ಕೈಯಲ್ಲಿ ಹಿಡಿಯುವ ಮಿನಿ ಯಂತ್ರ ಒಂದು. ಎರಡು ಕೈಯಲ್ಲಿ ಹಿಡಿಯುವ 36 ವೋಲ್ಟಿನ ದೊಡ್ಡದು ಇನ್ನೊಂದು.

ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಬರುವ ಮಿನಿ ಯಂತ್ರಗಳ ಬ್ಯಾಟರಿಯ ಮೇಲೆ 48 ವೋಲ್ಟ್, 88 ವೋಲ್ಟ್ ಎಂದೆಲ್ಲ ಬರೆದಿರುತ್ತದೆ. ಅಂತಹ ಒಂದನ್ನು ನಾನು ಬಿಚ್ಚಿ ನೋಡಿದ್ದೇನೆ. ಒಳಗೆ ಬೆರಳುದ್ದದ ಐದು ಸೆಲ್‌ಗಳು ಒಂದರ ಹಿಂದೊಂದು ಜೋಡಿಸಿದ್ದವು. ಇಂತಹ ಲಿಥಿಯಂ ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್, ಐದಕ್ಕೆ 21 ವೋಲ್ಟ್. ಕೆಲಸದ ಹೊತ್ತಿನಲ್ಲಿ ಸರಾಸರಿ 18. ಸ್ಟಿಕ್ಕರಿನ ಮೇಲೆ ಏನೇ ಬರೆದಿರಲಿ, ಐದು ಸೆಲ್ಲಿಗೆ ಅದಕ್ಕಿಂತ ಹೆಚ್ಚು ಕೊಡಲು ಆಗದು. ಆದರೂ ಕಾಳುಮೆಣಸಿನ ಆಧಾರ ಮರದ ಗೆಲ್ಲು ಸವರಲು, ಗ್ಲಿರಿಸಿಡಿಯಾ ಬೇಲಿ ತಗ್ಗಿಸಲು, ನಿಂಬೆ ದಾಳಿಂಬೆಯ ಒಣಕೊಂಬೆ ತೆಗೆಯಲು ಮಿನಿ ಯಂತ್ರ ಒಳ್ಳೆಯ ಸಂಗಾತಿ. ಮಣಿಕಟ್ಟಿಗಿಂತ ದಪ್ಪದ ಮರಕ್ಕೆ ಅದನ್ನು ಒಡ್ಡಬೇಡಿ. ಇನ್ನೊಂದು ಕೈಯಲ್ಲಿ ಕೊಂಬೆ ಹಿಡಿದು ಕೊಯ್ಯುವ ಆಸೆ ಹುಟ್ಟಿಸುವುದೇ ಇದರ ದೊಡ್ಡ ಅಪಾಯ.

ದೊಡ್ಡ ಬ್ಯಾಟರಿ ಯಂತ್ರಗಳು ನಿಜಕ್ಕೂ ಚೆನ್ನಾಗಿವೆ, ಲೆಕ್ಕ ಮಾತ್ರ ಮಾಡಿ ನೋಡಬೇಕು. 36 ವೋಲ್ಟ್, 4 ಆಂಪಿಯರ್ ಅವರ್ ಎಂದರೆ 144 ವ್ಯಾಟ್ ಅವರ್. ಕೊಯ್ಯುವಾಗ ಯಂತ್ರ 1000 ವ್ಯಾಟ್ ಎಳೆದರೆ ಅದು ಒಂಬತ್ತು ನಿಮಿಷದೊಳಗೆ ಬರಿದಾಗುತ್ತದೆ. ಒಂಬತ್ತು ನಿಮಿಷದಲ್ಲಿ ಸಾಕಷ್ಟು ತುಂಡಾಗುತ್ತದೆ ಎಂಬುದು ನಿಜ. ಆದರೆ ಬೆಟ್ಟದ ಮೇಲೆ ಅರ್ಧ ದಿನದ ಕೆಲಸವಿದ್ದರೆ ಮೂರು ನಾಲ್ಕು ಬ್ಯಾಟರಿ ಬೇಕು, ಬ್ಯಾಟರಿಯ ಬೆಲೆಯೇ ಯಂತ್ರದ ಬೆಲೆಯ ಹತ್ತಿರ ಹೋಗುತ್ತದೆ. ನಿಮ್ಮಲ್ಲಿ ಅದೇ ಕಂಪನಿಯ ಡ್ರಿಲ್, ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರ ಇದ್ದು ಬ್ಯಾಟರಿ ಹಂಚಿಕೊಳ್ಳಬಹುದಾದರೆ ಮಾತ್ರ ಇದು ಕೈಗೆಟಕುವ ಆಯ್ಕೆ.

ಸಣ್ಣ ಪೆಟ್ರೋಲ್ ಯಂತ್ರ

ಹಳ್ಳಿಯ ಮನೆಗೆ, ಸಣ್ಣ ತೋಟಕ್ಕೆ ನಾನು ಮೊದಲು ಹೇಳುವುದು 30ರಿಂದ 40 ಸಿ.ಸಿ.ಯ, 14 ಅಥವಾ 16 ಇಂಚಿನ ಬಾರಿನ ಪೆಟ್ರೋಲ್ ಯಂತ್ರವನ್ನು, ಅದೂ ತಾಲ್ಲೂಕು ಪೇಟೆಯಲ್ಲಿ ಅಂಗಡಿಯೂ ರಿಪೇರಿಯೂ ಒಟ್ಟಿಗೆ ಇರುವ ಕಂಪನಿಯದನ್ನು. ಜರ್ಮನಿಯ ಸ್ಟಿಲ್ ಕಂಪನಿಯ ಎಂಎಸ್ 170 (30.1 ಸಿ.ಸಿ.), ಎಂಎಸ್ 180 (31.8 ಸಿ.ಸಿ.), ಸ್ವೀಡನ್ನಿನ ಹಸ್ಕ್ವರ್ನಾದ 120 ಮಾರ್ಕ್ 2 (38.2 ಸಿ.ಸಿ.) ಈ ವರ್ಗದವು. ಎಂಎಸ್ 180ರ ಒಡಲು ಸುಮಾರು 4 ಕಿಲೋ, ಹಸ್ಕ್ವರ್ನಾದ್ದು 5ಕ್ಕೆ ತುಸು ಕಡಿಮೆ, ಬಲ ಎರಡಕ್ಕೂ ಹೆಚ್ಚು ಕಡಿಮೆ 2 ಅಶ್ವಶಕ್ತಿ. ಬೆಲೆ ಅಗ್ಗದ ಯಂತ್ರದ ಮೂರು ಪಟ್ಟಿನ ಹತ್ತಿರ, ಅಂದರೆ ಇಪ್ಪತ್ತು ಸಾವಿರದ ಆಚೀಚೆ, ಊರಿಂದ ಊರಿಗೆ ಸ್ವಲ್ಪ ವ್ಯತ್ಯಾಸವಿರುತ್ತದೆ. ಇವುಗಳ ನಡುವೆ ಬೆಂಗಳೂರಿನ ಕಿಸಾನ್‌ಕ್ರಾಫ್ಟ್‌ನಂತಹ ಕಂಪನಿಗಳ ಯಂತ್ರಗಳೂ ಸಿಗುತ್ತವೆ. ನಿಮ್ಮ ಪೇಟೆಯಲ್ಲಿ ಅವರ ಡೀಲರ್ ಇದ್ದು ಬಿಡಿಭಾಗ ಇಟ್ಟಿದ್ದರೆ ಅದನ್ನೂ ಧಾರಾಳವಾಗಿ ಪರಿಗಣಿಸಿ.

"ಇಷ್ಟು ಸಣ್ಣದರಲ್ಲಿ ಹಲಸಿನ ದಿಮ್ಮಿ ಹೇಗೆ ಕೊಯ್ಯುವುದು?" ಎಂದು ಭಾವ ಅನುಮಾನಿಸಿದರು. 16 ಇಂಚು ಎಂದರೆ 40 ಸೆಂಟಿಮೀಟರ್. ಸುಮಾರು ಒಂದಡಿ ದಪ್ಪದ ಮರ ಒಂದೇ ಬದಿಯಿಂದ ಮುಗಿಯುತ್ತದೆ, ಎರಡು ಬದಿಯಿಂದ ಕೊಯ್ದರೆ ಒಂದೂವರೆ ಅಡಿಗೂ ಮೇಲಿನದು ತುಂಡಾಗುತ್ತದೆ. ಒಲೆಯ ಕಟ್ಟಿಗೆಯಲ್ಲಿ ಅದಕ್ಕಿಂತ ದಪ್ಪ ಎಷ್ಟು ಬಾರಿ ಬರುತ್ತದೆ? ಸಣ್ಣ ಎಂಜಿನಿಗೆ ಉದ್ದ ಬಾರ್ ಹಾಕಿಸಿಕೊಳ್ಳುವುದು ಶುದ್ಧ ತಪ್ಪು. ಚೈನ್ ಎಳೆಯುವುದರಲ್ಲೇ ಬಲ ಮುಗಿದು ಕೊಯ್ಯಲು ಏನೂ ಉಳಿಯುವುದಿಲ್ಲ. ಬೆಟ್ಟದಲ್ಲಿ ಮತ್ತಿ, ಹೊನ್ನೆಯಂತಹ ಗಟ್ಟಿ ಮರದ ದಪ್ಪ ದಿಮ್ಮಿ ವರ್ಷವೂ ಬೀಳುತ್ತದೆ ಎನ್ನುವವರು ಮಾತ್ರ 45 ಸಿ.ಸಿ. ವರ್ಗಕ್ಕೆ ಏರಬೇಕು. ಸ್ಟಿಲ್‌ನ ಎಂಎಸ್ 250 ಅಂತಹದು, 45.4 ಸಿ.ಸಿ., ಸುಮಾರು 3 ಅಶ್ವಶಕ್ತಿ, ತೂಕ ಎಂಎಸ್ 180ಕ್ಕಿಂತ ಸುಮಾರು ಅರ್ಧ ಕಿಲೋ ಹೆಚ್ಚು.

ಅಂಗಡಿಯಲ್ಲಿ ನಿಂತು ಏನು ನೋಡಬೇಕು? ಮೊದಲು ಅವರ ಕಪಾಟು. ನಿಮ್ಮ ಮಾದರಿಯ ಚೈನ್, ಏರ್ ಫಿಲ್ಟರ್, ಕಾರ್ಬೊರೇಟರ್ ಕಿಟ್, ಆಯಿಲ್ ಪಂಪ್ ಈ ಕ್ಷಣ ಇಲ್ಲಿದೆಯೇ, ಬೆಲೆ ಎಷ್ಟು ಎಂದು ಕೇಳಿ. "ತರಿಸಿಕೊಡುತ್ತೇವೆ" ಎಂಬ ಉತ್ತರ ಬಂದರೆ ಇನ್ನೊಂದು ಅಂಗಡಿಗೆ ಹೋಗಿ. ಆಮೇಲೆ ಯಂತ್ರ ಚಾಲೂ ಮಾಡಿಸಿ. ಆ್ಯಕ್ಸಿಲರೇಟರ್ ಬಿಟ್ಟಾಗ ಚೈನ್ ಅಲುಗದೆ ನಿಲ್ಲಬೇಕು. ಪೂರ್ತಿ ವೇಗದಲ್ಲಿರುವಾಗ ಮುಂದಿನ ಹಿಡಿಕೆಯ ಎದುರಿಗೆ ಕೈ ಕಾಯುವ ಗಾರ್ಡನ್ನು ಮಣಿಕಟ್ಟಿನಿಂದ ತಳ್ಳಿದರೆ ಚೈನ್ ಥಟ್ಟನೆ ನಿಲ್ಲಬೇಕು. ಬಾರಿನ ಮೂತಿಯನ್ನು ಒಂದು ರಟ್ಟಿನ ಕಡೆಗೆ ಹಿಡಿದು ಓಡಿಸಿದರೆ ರಟ್ಟಿನ ಮೇಲೆ ಎಣ್ಣೆಯ ಸಣ್ಣ ಗೆರೆ ಬೀಳಬೇಕು. ಅಂಗಡಿಯವರು ಹೇಳುವುದಕ್ಕಿಂತ ಈ ಮೂರು ಪರೀಕ್ಷೆಗಳನ್ನು ನಂಬಿ.

ಗಾರ್ಡಿನ ವಿಷಯವನ್ನು ಒತ್ತಿ ಹೇಳಲು ಕಾರಣವಿದೆ. ನಾಲ್ಕು ವರ್ಷದ ಹಿಂದೆ ಬಿದ್ದ ಸಿಲ್ವರ್ ಓಕಿನ ಕಾಂಡ ತುಂಡರಿಸುತ್ತಿದ್ದೆ. ಕಾಂಡದ ಆಚೆಗೆ ಸೊಪ್ಪಿನ ಮರೆಯಲ್ಲಿ ಇನ್ನೊಂದು ಕೊಂಬೆ ಇದ್ದುದು ಕಾಣಲಿಲ್ಲ. ಬಾರಿನ ಮೂತಿಯ ಮೇಲ್ಭಾಗ ಅದಕ್ಕೆ ತಾಗಿತು. ಏನಾಯಿತೆಂದು ಅರಿವಾಗುವ ಮೊದಲೇ ಬಾರ್ ನನ್ನ ಮುಖದತ್ತ ಚಿಮ್ಮಿ, ಎಡ ಮಣಿಕಟ್ಟು ಗಾರ್ಡಿಗೆ ಬಡಿದು, ಚೈನ್ ನಿಂತಿತ್ತು. ಹೆಲ್ಮೆಟ್ಟಿನ ಜಾಲರಿಗೂ ನಿಂತ ಹಲ್ಲುಗಳಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಮೂತಿಯ ಮೇಲಿನ ಕಾಲುಭಾಗ ಯಾವುದಕ್ಕೆ ತಾಗಿದರೂ ಯಂತ್ರ ಒದೆಯುತ್ತದೆ. ದೊಡ್ಡ ಯಂತ್ರ ಇನ್ನೂ ಜೋರಾಗಿ ಒದೆಯುತ್ತದೆ. ಹೆಬ್ಬೆರಳನ್ನು ಮುಂದಿನ ಹಿಡಿಕೆಯ ಸುತ್ತ ಬಳಸಿ ಹಿಡಿಯುವುದು, ಯಂತ್ರದ ನೇರಕ್ಕೆ ಮುಖ ತಾರದೆ ತುಸು ಎಡಕ್ಕೆ ನಿಲ್ಲುವುದು, ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯದಿರುವುದು ಮೊದಲ ದಿನದಿಂದಲೇ ಅಭ್ಯಾಸವಾಗಬೇಕು.

ಕೊಯ್ಯುವುದು ಚೈನ್

ಸಿ.ಸಿ.ಗೆ ಕೊಡುವ ಗಮನದ ಕಾಲುಭಾಗವನ್ನೂ ಜನ ಚೈನಿಗೆ ಕೊಡುವುದಿಲ್ಲ. ನನಗೆ ಇದು ಬೇಸರದ ಸಂಗತಿ. ಹರಿತವಾದ ಚೈನ್ ಇರುವ 30 ಸಿ.ಸಿ. ಯಂತ್ರ, ಮೊಂಡು ಚೈನಿನ 58 ಸಿ.ಸಿ.ಯನ್ನು ಹಿಂದೆ ಹಾಕುವುದನ್ನು ಎಷ್ಟೋ ಬಾರಿ ನೋಡಿದ್ದೇನೆ.

ಇಂದಿನ ಚೈನಿನ ಹಲ್ಲಿಗೆ ಒಂದು ಹುಳು ಗುರುವಾದ ಕಥೆ ಇದೆ. 1946ರಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸದಲ್ಲಿದ್ದ ಜೋಸೆಫ್ ಕಾಕ್ಸ್, ಮರದ ಬೊಡ್ಡೆಯೊಂದರಲ್ಲಿ ಮರ ಕೊರೆಯುವ ಜೀರುಂಡೆಯ ಮರಿಹುಳುವನ್ನು ಕಂಡರು. ಗಟ್ಟಿ ಮರವನ್ನು ನೆಟ್ಟಗೂ ಅಡ್ಡಕ್ಕೂ ಒಂದೇ ಸರಾಗದಲ್ಲಿ ತಿನ್ನುತ್ತಿದ್ದ ಆ ಹುಳುವಿನ ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತರಿಸುತ್ತಿತ್ತು. ಅದನ್ನೇ ಉಕ್ಕಿನಲ್ಲಿ ಮಾಡಿ 1947ರಲ್ಲಿ ಮಾರಾಟಕ್ಕೆ ತಂದರು. ಈಗಲೂ ಚೈನಿನಲ್ಲಿ ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಬಾಗಿರುವುದು ಅದೇ ಕಾರಣಕ್ಕೆ. ಒಂದು ಬದಿಯ ಹಲ್ಲುಗಳನ್ನು ಹೆಚ್ಚು ಅರ ಹಾಕಿ ಇನ್ನೊಂದು ಬದಿಯನ್ನು ಬಿಟ್ಟರೆ ಕೊಯ್ತ ಸೊಟ್ಟಗೆ ಹೋಗುವುದೂ ಅದಕ್ಕೇ.

ಅರ ಹಾಕುವುದನ್ನು ಕಲಿಯದೆ ಚೈನ್‌ಸಾ ಇಟ್ಟುಕೊಳ್ಳಬಾರದು. ಬಾರನ್ನು ದಿಮ್ಮಿಯ ಮೇಲಿನ ಸಣ್ಣ ಸೀಳಿನಲ್ಲಿ ಕೂರಿಸಿ ಅಲುಗದಂತೆ ಬಿಗಿಯಬೇಕು. ದುಂಡು ಅರವನ್ನು ಹಲ್ಲಿನ ಒಳಬದಿಯಿಂದ ಹೊರಕ್ಕೆ, ಹಲ್ಲಿನ ಮೇಲೆ ಕೊರೆದಿರುವ ಓರೆ ಗೆರೆಗೆ ಸರಿಯಾಗಿ ತಳ್ಳಬೇಕು. ತಳ್ಳುವಾಗ ಮಾತ್ರ ಒತ್ತು, ಹಿಂದಕ್ಕೆ ತರುವಾಗ ಎತ್ತಿಬಿಡಬೇಕು. ಎಲ್ಲ ಹಲ್ಲಿಗೂ ಒಂದೇ ಲೆಕ್ಕ, ಮೂರಾದರೆ ಮೂರು. ಮೊದಲ ಉಜ್ಜಿನಲ್ಲಿ ಅರ ಜಾರುತ್ತದೆ, ಎರಡನೆಯದರಲ್ಲಿ ಕಚ್ಚುತ್ತದೆ, ಮೂರನೆಯದಕ್ಕೆ ಹಲ್ಲಿನ ಅಂಚಿನಲ್ಲಿ ಬೆಳಕು ಮಿನುಗುತ್ತಿದ್ದ ಬಿಳಿ ಗೆರೆ ಮಾಯವಾಗುತ್ತದೆ. ಆ ಬಿಳಿ ಗೆರೆಯೇ ಮೊಂಡುತನ. ಎಂಎಸ್ 180ರಂತಹ ಸಣ್ಣ ಯಂತ್ರಗಳ ಚೈನಿಗೆ 4 ಮಿಲಿಮೀಟರಿನ ಅರ, ದೊಡ್ಡ ಅಗ್ಗದ ಯಂತ್ರಗಳ ಚೈನಿಗೆ ಸಾಮಾನ್ಯವಾಗಿ 4.8 ಮಿಲಿಮೀಟರಿನದು. ತಪ್ಪು ಅರ ಹಲ್ಲಿನ ಆಕಾರವನ್ನೇ ಹಾಳು ಮಾಡುತ್ತದೆ. ಯಂತ್ರ ಕೊಳ್ಳುವಾಗ ಅಂಗಡಿಯವರಿಂದಲೇ ಸರಿಯಾದ ಅರ ಕೇಳಿ ಪಡೆಯಿರಿ.

ಹರಿತವಿದೆಯೇ ಇಲ್ಲವೇ ಎಂದು ಕೆಳಗೆ ಬೀಳುವುದನ್ನು ನೋಡಿ ತಿಳಿಯಬಹುದು. ಚಕ್ಕೆ ಬಿದ್ದರೆ ಹರಿತ, ಹುಡಿ ಬಿದ್ದರೆ ಮೊಂಡು. ಮಣ್ಣು ಮೆತ್ತಿದ ದಿಮ್ಮಿಗೆ ಒಮ್ಮೆ ತಾಗಿದರೆ ಸಾಕು, ಅರ ಹಾಕಿದ್ದೆಲ್ಲ ವ್ಯರ್ಥ. ತೆಂಗಿನ ಕಾಂಡದ ಹೊರಪದರ ಬಲು ಗಟ್ಟಿ, ಚೈನನ್ನು ಬೇಗ ಮೊಂಡು ಮಾಡುತ್ತದೆ, ಅದರ ನಾರು ಮುಚ್ಚಳದೊಳಗೆ ಸುತ್ತಿಕೊಳ್ಳುತ್ತದೆ. ತೆಂಗಿಗೆ ಹಳೆಯ ಚೈನ್ ಬೇರೆ ಇಟ್ಟುಕೊಳ್ಳಿ, ನಡುನಡುವೆ ಮುಚ್ಚಳ ಬಿಚ್ಚಿ ನಾರು ತೆಗೆಯಿರಿ. ಬೇಲಿಯಲ್ಲಿದ್ದ ಮರವಾದರೆ ಕಾಂಡ ನುಂಗಿರುವ ಮುಳ್ಳುತಂತಿ, ಮೊಳೆ ಎಲ್ಲಿದೆಯೆಂದು ಮೊದಲು ಹುಡುಕಿ.

ಎಣ್ಣೆ, ಪೆಟ್ರೋಲು

ಈ ಎಂಜಿನ್‌ಗಳಿಗೆ ಪೆಟ್ರೋಲಿನೊಂದಿಗೆ 2ಟಿ ಎಣ್ಣೆ, ಅಂದರೆ ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ, ಬೆರೆತಿರಲೇಬೇಕು. ಕಂಪನಿಯ ಒಳ್ಳೆಯ ಎಣ್ಣೆಯಾದರೆ ಲೀಟರಿಗೆ 20 ಮಿಲಿಲೀಟರ್, ಅಗ್ಗದ ಯಂತ್ರಗಳ ಪುಸ್ತಿಕೆಯಲ್ಲಿ ಹೆಚ್ಚಾಗಿ 40 ಎಂದಿರುತ್ತದೆ. ಮನೆಗಳಲ್ಲಿ ಈ ಯಂತ್ರಗಳು ಸಾಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಕೆಲಸಕ್ಕೆ ಬಂದ ಹುಡುಗ ಬೈಕಿನ ಬರೀ ಪೆಟ್ರೋಲ್ ತಂದು ಸುರಿಯುತ್ತಾನೆ, ಹತ್ತು ನಿಮಿಷದಲ್ಲಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬೆರೆಸಿದ್ದಕ್ಕೆ ಬೇರೆ ಕ್ಯಾನ್, ಅದರ ಮೇಲೆ ದೊಡ್ಡದಾಗಿ "ಮರದ ಮಷಿನ್" ಎಂದು ಬರೆದಿಡಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಡಯಾಫ್ರಮ್, ಪೆಟ್ರೋಲ್ ಪೈಪುಗಳಿಗೂ ಒಳ್ಳೆಯದಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದ ನಮ್ಮ ಊರುಗಳಲ್ಲಿ ಬೆರೆಸಿದ ಪೆಟ್ರೋಲನ್ನು ಎರಡು ಮೂರು ವಾರಕ್ಕಿಂತ ಹೆಚ್ಚು ಇಡಬೇಡಿ. ಕೆಲಸ ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಈ ಐದು ನಿಮಿಷದ ಕೆಲಸ ಮಾಡುವವರ ಯಂತ್ರ ಹತ್ತು ವರ್ಷ ಬರುತ್ತದೆ.

ಚೈನಿನ ಎಣ್ಣೆಯ ಟ್ಯಾಂಕ್ ಬೇರೆ. ಪೆಟ್ರೋಲ್ ತುಂಬಿಸಿದಾಗಲೆಲ್ಲ ಅದನ್ನೂ ತುಂಬಿಸಬೇಕು. ಬೈಕಿನಿಂದ ತೆಗೆದ ಕಪ್ಪು ಎಣ್ಣೆ ಸುರಿಯುವ ಅಭ್ಯಾಸ ಬಿಡಿ. ಅದರಲ್ಲಿರುವ ಲೋಹದ ಕಣ ಪಂಪನ್ನು ಸವೆಸುತ್ತದೆ, ನಿಮ್ಮ ಅಡಿಕೆ ಮರದ ಬುಡಕ್ಕೂ ಅದು ಬೀಳಬಾರದು.

ಹಳೆಯದು ಕೊಳ್ಳುವವರಿಗೆ

ನಾಟಾ ಕೆಲಸದವರು ಮಾರುವ ಹಳೆಯ ಯಂತ್ರ ಕೆಲವೊಮ್ಮೆ ಅರ್ಧ ಬೆಲೆಗೆ ಸಿಗುತ್ತದೆ. ಎಂಜಿನ್ ಆರಿಸಿ, ಚೋಕ್ ಹಾಕದೆ, ಸ್ಟಾರ್ಟರ್ ಹಗ್ಗದ ಹಿಡಿಯಿಂದಲೇ ಯಂತ್ರವನ್ನು ಎತ್ತಿ ತೂಗಿಬಿಡಿ. ತಡೆತಡೆದು, ಮೆಟ್ಟಿಲಿಳಿದಂತೆ ಕೆಳಗಿಳಿದರೆ ಸಿಲಿಂಡರಿನಲ್ಲಿ ಒತ್ತಡ ಉಳಿದಿದೆ. ಸರ್ರನೆ ಜಾರಿದರೆ ಕೈಮುಗಿದು ಬನ್ನಿ. ಸೈಲೆನ್ಸರ್ ಬಿಚ್ಚಲು ಒಪ್ಪಿದರೆ ಆ ತೂತಿನಿಂದ ಪಿಸ್ಟನ್ ಕಾಣುತ್ತದೆ. ಅದರ ಮೈಮೇಲೆ ಉದ್ದುದ್ದ ಗೀರುಗಳಿದ್ದರೆ ಯಾವ ಬೆಲೆಗೂ ಬೇಡ.

ಇಲಾಖೆಗಳ ಎರಡು ಮಾತು

ಕೃಷಿ, ತೋಟಗಾರಿಕೆ ಇಲಾಖೆಗಳ ಯಂತ್ರೋಪಕರಣ ಸಹಾಯಧನದ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಕೊಂಡ ಮೇಲೆ ಹೋದರೆ ಪ್ರಯೋಜನವಿಲ್ಲ, ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕೈಯಲ್ಲಿ ಯಂತ್ರವಿದೆಯೆಂದು ನಿಂತ ಮರಕ್ಕೆ ಕೈಹಾಕಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ತೆಂಗು, ಅಡಿಕೆಯಂತಹ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಸೊಪ್ಪಿನ ಬೆಟ್ಟದಲ್ಲಂತೂ ಕೇಳದೆ ಒಂದು ಕೊಂಬೆಯನ್ನೂ ಮುಟ್ಟದಿರುವುದು ಲೇಸು.

ಭಾವ ಕೊನೆಗೆ ಏನು ತೆಗೆದುಕೊಂಡರು? ಸಾಗರ ಪೇಟೆಯಲ್ಲಿ ಬಿಡಿಭಾಗವಿಟ್ಟ, ಹಿಂದಿನ ಕೋಣೆಯಲ್ಲೇ ರಿಪೇರಿ ಮಾಡುವ ಅಂಗಡಿಯೊಂದನ್ನು ಮೊದಲು ಹುಡುಕಿದೆವು. ಅಲ್ಲಿದ್ದ 30 ಸಿ.ಸಿ. ವರ್ಗದ, 14 ಇಂಚಿನ ಯಂತ್ರವನ್ನು ಮೂರೂ ಪರೀಕ್ಷೆ ಮಾಡಿಸಿ ಕೊಂಡೆವು. 45 ಸಿ.ಸಿ.ಯದಕ್ಕೆಂದು ಅವರು ತಂದಿದ್ದ ಹಣದಲ್ಲಿ ಉಳಿದದ್ದಕ್ಕೆ ಜಾಲರಿ ಮತ್ತು ಕಿವಿಮುಚ್ಚಳ ಇರುವ ಹೆಲ್ಮೆಟ್, ಗಟ್ಟಿ ಬೂಟು, ಚೈನ್ ತಾಗಿದರೆ ನಾರು ಬಿಟ್ಟು ಅದನ್ನು ನಿಲ್ಲಿಸುವ ಕಾಲಿನ ಹೊದಿಕೆ, ಎರಡು ಹೆಚ್ಚುವರಿ ಚೈನ್, 4 ಮಿಲಿಮೀಟರಿನ ಎರಡು ಅರ ಬಂದವು. ಪಂಚೆ ಉಟ್ಟು ಯಂತ್ರ ಮುಟ್ಟುವುದಿಲ್ಲ ಎಂದು ಅಕ್ಕ ಅವರಿಂದ ಮಾತು ತೆಗೆದುಕೊಂಡಿದ್ದಾಳೆ. ಮೊದಲ ಎರಡು ವಾರ ಅವರು ಅರ ಹಾಕಿದ ಚೈನ್ ಬಲಕ್ಕೇ ಎಳೆಯುತ್ತಿತ್ತು. ಮೊನ್ನೆ ಸಂಜೆ ಫೋನ್ ಮಾಡಿದಾಗ ಹಿನ್ನೆಲೆಯಲ್ಲಿ ಯಂತ್ರ ಆಗಷ್ಟೇ ಆರಿದ ಮೌನವಿತ್ತು. "ಹಲಸಿನ ಕೊಂಬೆ ಕೊಯ್ದೆ," ಎಂದರು, "ಚಕ್ಕೆ ಬೀಳುತ್ತಿದೆ."